ಮೊದಲು ಚಿತ್ರ, ಆಮೇಲೆ ಕಿಟ್: ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಸಾಮಗ್ರಿಯನ್ನು ಆರಿಸಿ ಕೊಳ್ಳುವ ಬಗೆ

ತುಮಕೂರಿನ ಮನೆಗಳ ಬೀರುವಿನಲ್ಲಿ ಮದುವೆಯ ಆಲ್ಬಮ್ ಒಂದು ಭದ್ರವಾಗಿರುತ್ತದೆ. ಸೀಮಂತ, ನಾಮಕರಣ, ಸಿದ್ಧಗಂಗೆಯ ಜಾತ್ರೆ, ದೇವರಾಯನದುರ್ಗದಲ್ಲಿ ಕಳೆದ ಭಾನುವಾರ, ಒಲೆಯ ಮುಂದೆ ಕುಳಿತ ಅಜ್ಜಿ, ಇವೆಲ್ಲ ಮಾತ್ರ ಫೋನಿನಲ್ಲಿಯೇ ಉಳಿದು, ಫೋನು ಕೆಟ್ಟ ದಿನ ಅದರೊಂದಿಗೆ ಹೊರಟುಹೋಗುತ್ತವೆ. ಅಂಥ ಚಿತ್ರಗಳನ್ನು ನಾಲ್ಕು ಸಾಲಿನ ಬರಹದೊಂದಿಗೆ, ಹಿನ್ನೆಲೆಗೆ ಬಣ್ಣದ ಕಾಗದ, ಅಂಚಿಗೆ ರಿಬ್ಬನ್ ಇಟ್ಟು, ಕಂಪ್ಯೂಟರಿನಲ್ಲಿಯೇ ಪುಟವಾಗಿ ಜೋಡಿಸುವ ಹವ್ಯಾಸವನ್ನು ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಎನ್ನುತ್ತಾರೆ. ಅದಕ್ಕೆ ಬೇಕಾದ ಕಾಗದ, ರಿಬ್ಬನ್, ಗುಂಡಿ, ಹೂವು, ಚೌಕಟ್ಟುಗಳನ್ನು ಒಂದೇ ಬಣ್ಣಸರಣಿಯಲ್ಲಿ ಹೊಂದಿಸಿ ಮಾರುವ ಕಟ್ಟೇ ಕಿಟ್.

ಈ ಕೆಲಸದಲ್ಲಿ ನಾನು ತೊಡಗಿ ಕೆಲವು ವರ್ಷಗಳಾದವು. ಆರಂಭದಲ್ಲಿ ಕೊಂಡ ಕಿಟ್‌ಗಳಲ್ಲಿ ಅರ್ಧದಷ್ಟನ್ನು ಇಂದಿಗೂ ಬಳಸಿಲ್ಲ. ಅವು ಕೆಟ್ಟವೆಂದಲ್ಲ, ನನ್ನ ಬಳಿಯಿದ್ದ ಒಂದು ಚಿತ್ರಕ್ಕೂ ಅವು ಹೊಂದಲಿಲ್ಲ. ಹೊಸಬರು ಆ ಹಣವನ್ನೂ ಬೇಸರವನ್ನೂ ಉಳಿಸಿಕೊಳ್ಳಲೆಂದು, ಕೊಳ್ಳುವ ಕ್ರಮವನ್ನು ನಾನು ಕಲಿತ ಅನುಕ್ರಮದಲ್ಲಿಯೇ ಇಲ್ಲಿ ವಿವರಿಸುತ್ತೇನೆ.

ಕಿಟ್‌ನ ಒಳಗೆ ಏನಿರುತ್ತದೆ

ಪೂರ್ಣ ಕಿಟ್ ಒಂದರಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕಡತಗಳಿರುತ್ತವೆ. ಹಿನ್ನೆಲೆಗೆ ಹಾಸುವ ಪೇಪರ್‌ಗಳು ಜೆಪಿಜಿ ರೂಪದಲ್ಲಿ ಬರುತ್ತವೆ. ಹೂವು, ಎಲೆ, ಗುಂಡಿ, ಟ್ಯಾಗ್ ಮುಂತಾದ ಎಲಿಮೆಂಟ್‌ಗಳು ಪಾರದರ್ಶಕ ಹಿನ್ನೆಲೆಯನ್ನು ಉಳಿಸಿಕೊಳ್ಳಬೇಕಾದ್ದರಿಂದ ಪಿಎನ್‌ಜಿ ರೂಪದಲ್ಲಿರುತ್ತವೆ. ಇವುಗಳ ಜೊತೆಗೆ, ಇಲ್ಲವೇ ಬೇರೆಯಾಗಿ, ಅಕ್ಷರಗಳ ಗುಚ್ಛವಾದ ಆಲ್ಫಾ, ಬರಹವನ್ನೇ ಅಲಂಕಾರವಾಗಿಸಿದ ವರ್ಡ್ ಆರ್ಟ್, ಚಿತ್ರ ಕೂರಿಸಲು ಕಿಂಡಿ ಬಿಟ್ಟು ಸಿದ್ಧಪಡಿಸಿದ ಕ್ವಿಕ್ ಪೇಜ್, ಲೇಯರ್‌ಗಳಾಗಿ, ಎಂದರೆ ಒಂದರ ಮೇಲೊಂದು ಕೂರುವ ಪದರಗಳಾಗಿ ಬಿಡಿಸಿಟ್ಟ ಪಿಎಸ್‌ಡಿ (ಫೋಟೋಶಾಪ್ ಕಡತ) ಟೆಂಪ್ಲೇಟ್ ಇವೂ ಮಾರಾಟಕ್ಕಿರುತ್ತವೆ. ಮಿನಿ ಕಿಟ್ ಎಂದರೆ ಕೆಲವೇ ಪೇಪರ್ ಮತ್ತು ಎಲಿಮೆಂಟ್‌ಗಳ ಚಿಕ್ಕ ಕಟ್ಟು. ಕಲೆಕ್ಷನ್ ಅಥವಾ ಬಂಡಲ್ ಎಂದರೆ ಇವೆಲ್ಲವನ್ನೂ ಒಟ್ಟುಗೂಡಿಸಿ, ಬಿಡಿಯಾಗಿ ಕೊಂಡರೆ ಆಗುವುದಕ್ಕಿಂತ ಕಡಿಮೆ ಬೆಲೆಗೆ ಕೊಡುವುದು.

ಹವ್ಯಾಸಿಗಳು ಕಿಟ್ ಕೊಳ್ಳಲು ಕಾರಣಗಳು ಹಲವು. ಬಣ್ಣಕ್ಕೆ ಮನಸೋಲುವವರಿದ್ದಾರೆ, ವಿಷಯವನ್ನು ನೋಡಿ ಕೊಳ್ಳುವವರಿದ್ದಾರೆ, ಮೆಚ್ಚಿನ ವಿನ್ಯಾಸಕರ ಹೆಸರು ಕಂಡರೆ ಸಾಕು ಎನ್ನುವವರೂ ಇದ್ದಾರೆ. ಆ ಕಿಟ್ ಬಳಸಿ ಬೇರೆಯವರು ಮಾಡಿದ ಮಾದರಿ ಪುಟದ ಸೊಗಸು ಹಲವರನ್ನು ಸೆಳೆದರೆ, ಬಹಳಷ್ಟು ಮಂದಿಯ ಕೈಯನ್ನು ರಿಯಾಯಿತಿಯೇ ಹಿಡಿದೆಳೆಯುತ್ತದೆ. ಅಮೆರಿಕದಲ್ಲಿ ಮೇ ತಿಂಗಳ ಮೊದಲ ಶನಿವಾರವನ್ನು ಸ್ಕ್ರ್ಯಾಪ್‌ಬುಕ್ ದಿನವೆಂದು ಆಚರಿಸುವುದರಿಂದ ಆ ವಾರ ಕಿಟ್ ಮಾರುವ ಆನ್‌ಲೈನ್ ಅಂಗಡಿಗಳಲ್ಲಿ ಬೆಲೆ ಇಳಿಯುತ್ತದೆ. ಇವುಗಳಲ್ಲಿ ಯಾವ ಕಾರಣವೂ ತಪ್ಪಲ್ಲ. ಆದರೆ ಇವೆಲ್ಲ ಕಿಟ್‌ನ ಕಡೆಯಿಂದ ಹುಟ್ಟುವ ಕಾರಣಗಳು. ನಮ್ಮ ಚಿತ್ರಗಳ ಕಡೆಯಿಂದ ಹುಟ್ಟುವ ಕಾರಣವೊಂದು ಅವುಗಳ ಜೊತೆ ಸೇರದೆ ಇದ್ದರೆ ಪುಟ ಮುಗಿಯುವುದಿಲ್ಲ ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಹೆಜ್ಜೆ: ಚಿತ್ರಗಳನ್ನು ಆರಿಸಿಡುವುದು

ಯಾವ ಅಂಗಡಿಯನ್ನೂ ತೆರೆಯುವ ಮೊದಲು, ಒಂದು ಸಂದರ್ಭಕ್ಕೆ ಸೇರಿದ ಮೂರರಿಂದ ಐದು ಚಿತ್ರಗಳನ್ನು ಬೇರೆ ಫೋಲ್ಡರಿಗೆ ಹಾಕಿ, ಆ ಸಂದರ್ಭದ ಬಗ್ಗೆ ಎರಡು ಸಾಲು ಬರೆದಿಡಿ. ಚಿತ್ರದ ಗಾತ್ರವನ್ನೂ ಆಗಲೇ ನೋಡಿಕೊಳ್ಳಬೇಕು. ಸ್ಕ್ರ್ಯಾಪ್‌ಬುಕ್ಕಿನ ರೂಢಿಯ ಪುಟ 12 × 12 ಇಂಚಿನದು. ಇಂಚಿಗೆ 300 ಪಿಕ್ಸೆಲ್‌ಗಳ ಲೆಕ್ಕದಲ್ಲಿ ಅದು 3600 × 3600 ಪಿಕ್ಸೆಲ್ ಆಗುತ್ತದೆ. ವಾಟ್ಸಾಪಿನಲ್ಲಿ ಸಾಮಾನ್ಯ ಗುಣಮಟ್ಟದಲ್ಲಿ ಬಂದ ಚಿತ್ರದ ಉದ್ದನೆಯ ಬದಿ ಹೆಚ್ಚೆಂದರೆ ಸುಮಾರು 1600 ಪಿಕ್ಸೆಲ್ ಇರುವುದರಿಂದ, ಅದು ಪುಟದ ಮೇಲೆ ಐದು ಇಂಚನ್ನು ಸ್ವಲ್ಪವೇ ಮೀರಿ ಸ್ಪಷ್ಟವಾಗಿ ಕೂರುತ್ತದೆ. ಅದಕ್ಕಿಂತ ಹಿಗ್ಗಿಸಿದರೆ ಮುಖಗಳು ಮಸುಕಾಗುತ್ತವೆ. ಆದ್ದರಿಂದ ಸಾಧ್ಯವಾದಷ್ಟೂ ಮೂಲ ಕಡತವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಲು ಬಂಧುಗಳನ್ನು ಕೇಳಿ. ಹಳೆಯ 4 × 6 ಇಂಚಿನ ಮುದ್ರಿತ ಚಿತ್ರವಾದರೆ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆಗಳ ಲೆಕ್ಕದಲ್ಲಿ) ಸ್ಕ್ಯಾನ್ ಮಾಡಿಸಿ. ಆಗ 2400 × 3600 ಪಿಕ್ಸೆಲ್ ಸಿಕ್ಕಿ, ಪುಟದ ದೊಡ್ಡ ಭಾಗವನ್ನೇ ಅದು ತುಂಬಬಲ್ಲದು.

ಎರಡನೆಯ ಹೆಜ್ಜೆ: ಹೆಸರನ್ನು ಬಿಟ್ಟು ಬಣ್ಣವನ್ನು ಹಿಡಿಯುವುದು

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆಯಾದ್ದರಿಂದ ಒಂದು ಪುಟದ ಕಥೆಯನ್ನೇ ಹೇಳುತ್ತೇನೆ.

ನಮ್ಮ ಮನೆಯ ಸೀಮಂತದ ಚಿತ್ರವೊಂದಿತ್ತು. ಹಸಿರು ರೇಷ್ಮೆ ಸೀರೆ, ಎರಡೂ ಕೈ ತುಂಬ ಹಸಿರು ಗಾಜಿನ ಬಳೆ, ಕೆನ್ನೆಗೆ ಹಚ್ಚಿದ ಅರಿಶಿನ, ಮುಡಿಯಲ್ಲಿ ಕನಕಾಂಬರ, ಮಡಿಲಲ್ಲಿ ತೆಂಗಿನಕಾಯಿ. ನಾನು ಅಂಗಡಿಯಲ್ಲಿ ಬೇಬಿ ಶವರ್ ಎಂದು ಹುಡುಕಿ, ಮುದ್ದಾಗಿ ಕಂಡ ಕಿಟ್ಟನ್ನು ಕೂಡಲೇ ಕೊಂಡುಬಿಟ್ಟೆ. ಅದರ ಬಣ್ಣಗಳು ತಿಳಿಗುಲಾಬಿ, ತಿಳಿನೀಲಿ ಮತ್ತು ಕೆನೆಬಿಳಿ. ಎಲಿಮೆಂಟ್‌ಗಳಲ್ಲಿ ಬಲೂನು, ಕರಡಿ ಗೊಂಬೆ, ಕೊಕ್ಕಿನಲ್ಲಿ ಮಗುವನ್ನು ಜೋಲಿಕಟ್ಟಿ ತರುವ ಬಿಳಿಯ ಕೊಕ್ಕರೆ. ಆ ತಿಳಿಗುಲಾಬಿಯ ಮೇಲೆ ನಮ್ಮ ಚಿತ್ರವನ್ನಿಟ್ಟಾಗ ಸೀರೆಯ ಹಸಿರು ಕಪ್ಪಾಗಿ, ಅರಿಶಿನದ ಕೆನ್ನೆ ಕಾಮಾಲೆ ಹಿಡಿದಂತೆ ಕಂಡಿತು. ಎರಡು ಸಂಜೆ ಹೆಣಗಿ ಕೈಬಿಟ್ಟೆ.

ಆಮೇಲೆ ಮಾಡಿದ ಕೆಲಸವನ್ನೇ ಈಗ ಪ್ರತಿಸಲ ಮೊದಲು ಮಾಡುತ್ತೇನೆ. ಚಿತ್ರವನ್ನು ತಂತ್ರಾಂಶದಲ್ಲಿ ತೆರೆದು, ಐಡ್ರಾಪರ್ ಎಂಬ ಸಾಧನದಿಂದ ಅದರ ನಾಲ್ಕೈದು ಮುಖ್ಯ ಬಣ್ಣಗಳನ್ನು ಎತ್ತಿ, ಒಂದರ ಪಕ್ಕ ಒಂದರಂತೆ ಚೌಕಗಳಾಗಿ ಬಳಿದಿಡುತ್ತೇನೆ. ಹಾಗೆ ಎತ್ತುವಾಗ ಸೀರೆಯ ಬೆಳಕು ಬಿದ್ದ ಮಡಿಕೆಯಿಂದ ಒಂದು, ನೆರಳಿನ ಮಡಿಕೆಯಿಂದ ಒಂದು, ಚರ್ಮದ ಬಣ್ಣ ಒಂದು, ಹಿಂದಿನ ಗೋಡೆಯ ಬಣ್ಣ ಒಂದು ಇರಬೇಕು. ಗೋಡೆಯನ್ನು ಮರೆಯಬಾರದು, ಛತ್ರಗಳ ಟ್ಯೂಬ್‌ಲೈಟಿನಲ್ಲಿ ತೆಗೆದ ಚಿತ್ರಗಳಲ್ಲಿ ಗೋಡೆ ನೀಲಿಗೆ ತಿರುಗಿರುತ್ತದೆ, ಮೊದಲು ಆ ಬಣ್ಣದ ಸಮತೋಲನವನ್ನು ಸರಿಪಡಿಸದಿದ್ದರೆ ಎಂಥ ಕಿಟ್ ತಂದರೂ ಪುಟ ಒಗ್ಗುವುದಿಲ್ಲ. ಈ ಚೌಕಗಳ ಪಟ್ಟಿಯನ್ನು ಫೋನಿನಲ್ಲಿ ಇಟ್ಟುಕೊಂಡು ಅಂಗಡಿಯ ಕಿಟ್‌ಗಳ ಪಕ್ಕ ಹಿಡಿದು ನೋಡಿದರೆ, ಹೊಂದುವುದು ಯಾವುದು ಎಂಬುದು ಕಣ್ಣಿಗೇ ಗೊತ್ತಾಗುತ್ತದೆ.

ಸೀಮಂತದ ಚಿತ್ರಕ್ಕೆ ಕೊನೆಗೆ ಹೊಂದಿದ್ದು, ವಿದೇಶದ ಶರತ್ಕಾಲದ ಸುಗ್ಗಿಗೆಂದು ಮಾಡಿದ ಕಿಟ್. ಅದರಲ್ಲಿ ಸಾಸಿವೆ ಹಳದಿ, ಗಾಢ ಹಸಿರು, ಇಟ್ಟಿಗೆ ಕೆಂಪು ಮತ್ತು ಕನಕಾಂಬರಕ್ಕೆ ತೀರ ಹತ್ತಿರದ ಕಿತ್ತಳೆ ಇದ್ದವು. ಕುಂಬಳಕಾಯಿ, ಗೋಧಿಯ ಸಿವುಡುಗಳನ್ನು ಬದಿಗಿಟ್ಟು, ಪೇಪರ್‌ಗಳನ್ನೂ ರಿಬ್ಬನ್‌ಗಳನ್ನೂ ಹೊಲಿಗೆಯ ಗೆರೆಗಳನ್ನೂ ಮಾತ್ರ ತೆಗೆದುಕೊಂಡೆ. ಪುಟವನ್ನು ನೋಡಿದ ಯಾರಿಗೂ ಅದು ಸೀಮಂತಕ್ಕೆಂದೇ ಮಾಡಿದ ಕಾಗದವಲ್ಲ ಎನಿಸಲಿಲ್ಲ. ಮೊದಲು ಕೊಂಡಿದ್ದ ಬೇಬಿ ಶವರ್ ಕಿಟ್ ವ್ಯರ್ಥವಾಯಿತೆಂದುಕೊಂಡಿದ್ದಾಗ, ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ತೆಗೆದ ಚಿತ್ರಗಳು ಅದನ್ನು ಎತ್ತಿಕೊಂಡವು. ಆ ಊರಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳ ಬಾಲದ ಬಳಿ ಇರುವ ಗುಲಾಬಿ ಗರಿಗೆ ಆ ತಿಳಿಗುಲಾಬಿ ಪೇಪರ್ ಹೇಳಿ ಮಾಡಿಸಿದಂತೆ ಹೊಂದಿತು. ಕಿಟ್‌ನ ಬಿಳಿಯ ಕೊಕ್ಕರೆ ಮಾತ್ರ ಅಲ್ಲಿಯೂ ನಿಲ್ಲಲಿಲ್ಲ; ನಮ್ಮ ಹಕ್ಕಿಯ ಕೊಕ್ಕು ಹಳದಿ, ರೂಪವೇ ಬೇರೆ.

ಆದ್ದರಿಂದ ನಮ್ಮ ಹಬ್ಬಗಳ ಹೆಸರಿನಲ್ಲಿ ಕಿಟ್ ಹುಡುಕಿ ಸಿಗದಿದ್ದರೆ ನಿರಾಶರಾಗಬೇಕಿಲ್ಲ. ಅರಿಶಿನ, ಕುಂಕುಮ, ವೀಳ್ಯದೆಲೆಯ ಹಸಿರು ಯಾವ ಹೆಸರಿನ ಕಿಟ್‌ನಲ್ಲಿ ಅಡಗಿವೆ ಎಂದು ನೋಡಿ. ನಮ್ಮ ಗುರುತಿನ ವಸ್ತುಗಳನ್ನು ನಾವೇ ಸೇರಿಸಬಹುದು: ಹಳೆಯ ಸೀರೆಯ ಅಂಚು, ಮೂಲೆಗಳಿಗೆ ಅರಿಶಿನ ಹಚ್ಚಿದ ಆಹ್ವಾನಪತ್ರಿಕೆ, ಅಡಕೆ ಹಾಳೆಯ ತಟ್ಟೆ, ಬಸ್ಸಿನ ಟಿಕೆಟ್ ಇವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಹಿನ್ನೆಲೆ ಅಳಿಸಿದರೆ, ಯಾವ ವಿನ್ಯಾಸಕರೂ ಮಾರಲಾಗದ ಎಲಿಮೆಂಟ್‌ಗಳು ಸಿದ್ಧವಾಗುತ್ತವೆ. ತಿಪಟೂರಿನ ಕಡೆಯವರು ತೆಂಗಿನ ನಾರನ್ನು ಹತ್ತಿರದಿಂದ ಚಿತ್ರ ತೆಗೆದು ನೋಡಿ, ಅದಕ್ಕಿಂತ ಸೊಗಸಾದ ಒರಟು ಹಿನ್ನೆಲೆಯನ್ನು ನಾನು ಯಾವ ಕಿಟ್‌ನಲ್ಲಿಯೂ ಕಂಡಿಲ್ಲ.

ಮೂರನೆಯ ಹೆಜ್ಜೆ: ಮುನ್ನೋಟವನ್ನು ಓದುವುದು

ಅಂಗಡಿಯಲ್ಲಿ ಕಾಣುವ ಮುನ್ನೋಟದ ಚಿತ್ರದಲ್ಲಿ ಎಲ್ಲ ತುಣುಕುಗಳನ್ನೂ ಒಂದರ ಮೇಲೊಂದು ಪೇರಿಸಿ, ನೆರಳು ಕೊಟ್ಟು, ಕಣ್ಣು ತುಂಬುವಂತೆ ಜೋಡಿಸಿರುತ್ತಾರೆ. ಆ ತುಂಬುತನವೇ ನಮ್ಮನ್ನು ಕೊಳ್ಳಿಸುತ್ತದೆ. ಹಾಗಾಗಿ ಅದನ್ನು ಎಣಿಸಿ ನೋಡಬೇಕು. ಸರಳ ಬಣ್ಣದ, ವಿನ್ಯಾಸವಿಲ್ಲದ ಪೇಪರ್‌ಗಳು ಎಷ್ಟಿವೆ? ದೊಡ್ಡ ಹೂಗಳ ಪೇಪರ್ ಮುನ್ನೋಟದಲ್ಲಿ ಮೆರೆದರೂ ಅದರ ಮೇಲೆ ಚಿತ್ರವೂ ಬರಹವೂ ನಿಲ್ಲುವುದಿಲ್ಲ; ಪುಟವನ್ನು ಹೊರುವುದು ಸಪ್ಪೆಯಾಗಿ ಕಾಣುವ ಸಾದಾ ಪೇಪರ್. ಎಲಿಮೆಂಟ್‌ಗಳಲ್ಲಿ ಹೂ, ಎಲೆ, ದಾರ, ರಿಬ್ಬನ್, ಚೌಕಟ್ಟು, ಟ್ಯಾಗ್‌ನಂತಹ ಎಲ್ಲೆಡೆ ಸಲ್ಲುವವು ಎಷ್ಟು, ಒಂದೇ ಸಂದರ್ಭಕ್ಕೆ ಕಟ್ಟುಬಿದ್ದವು ಎಷ್ಟು ಎಂದು ಲೆಕ್ಕ ಹಾಕಿ. ಒಂದೇ ಗುಂಡಿಯನ್ನು ಐದು ಬಣ್ಣದಲ್ಲಿ ಕೊಟ್ಟು ಐದು ಎಲಿಮೆಂಟ್ ಎಂದು ಎಣಿಸಿರುವುದೂ ಉಂಟು.

ಮಾದರಿ ಪುಟಗಳನ್ನು ನೋಡುವಾಗ, ಅವುಗಳಲ್ಲಿ ಬೇರೆ ಕಿಟ್‌ನ ವಸ್ತುಗಳನ್ನು ಬೆರೆಸಿದ್ದಾರೆಯೇ ಎಂಬುದನ್ನು ವಿವರಣೆಯಲ್ಲಿ ಓದಿಕೊಳ್ಳಿ. ಇತ್ತೀಚೆಗೆ ಕೃತಕ ಬುದ್ಧಿಮತ್ತೆಯಿಂದ ತಯಾರಾದ ಕಿಟ್‌ಗಳೂ ಬಹಳವಾಗಿವೆ. ಅವುಗಳಲ್ಲಿ ಹೂವಿನ ತೊಟ್ಟು ಎಲೆಯೊಳಗೆ ಕರಗಿಹೋಗಿರುವುದು, ರಿಬ್ಬನ್ನಿನ ಗಂಟು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆಂದು ತಿಳಿಯದಿರುವುದು ಮುನ್ನೋಟದಲ್ಲಿ ಕಾಣದೆ, ಮುದ್ರಿಸಿದಾಗ ಎದ್ದುಕಾಣುತ್ತದೆ.

ನಾಲ್ಕನೆಯ ಹೆಜ್ಜೆ: ಒಂದು ಚಿಕ್ಕ ತುಣುಕನ್ನು ಪರೀಕ್ಷಿಸುವುದು

ಹಲವು ವಿನ್ಯಾಸಕರು ಉಚಿತವಾಗಿ ಮಿನಿ ಕಿಟ್ ಕೊಡುತ್ತಾರೆ. ಹೊಸ ವಿನ್ಯಾಸಕರಿಂದ ಏನನ್ನಾದರೂ ಕೊಳ್ಳುವ ಮೊದಲು ಅದನ್ನು ಇಳಿಸಿಕೊಂಡು, ಪೇಪರ್ ನಿಜವಾಗಿಯೂ 3600 × 3600 ಪಿಕ್ಸೆಲ್ ಇದೆಯೇ ಎಂದು ನೋಡಿ. ಒಂದು ಹೂವನ್ನು ಕಡುಕಪ್ಪು ಹಿನ್ನೆಲೆಯ ಮೇಲೂ ಮತ್ತೆ ಅಚ್ಚಬಿಳಿಯ ಮೇಲೂ ಇಟ್ಟು, ನೂರಕ್ಕೆ ನೂರು ಗಾತ್ರದಲ್ಲಿ ಅಂಚನ್ನು ಸುತ್ತಿ ಬನ್ನಿ. ಅಂಚಿನಲ್ಲಿ ಬಿಳಿಯ ಗೆರೆ, ಗರಗಸದಂಥ ಹಲ್ಲು, ಅಳಿಸಲು ಮರೆತ ಚುಕ್ಕೆಗಳು ಕಂಡರೆ ಆ ವಿನ್ಯಾಸಕರ ಬಿಡಿಸುವ ಕೈ ಪಳಗಿಲ್ಲ ಎಂದರ್ಥ.

ನೆರಳನ್ನೂ ಗಮನಿಸಿ. ತುಣುಕಿನೊಳಗೇ ನೆರಳನ್ನು ಬೆರೆಸಿಬಿಟ್ಟಿದ್ದರೆ, ಅದನ್ನು ತಿರುಗಿಸಿದಾಗ ನೆರಳೂ ತಿರುಗಿ, ಒಂದೇ ಪುಟದಲ್ಲಿ ಸೂರ್ಯ ಎರಡು ಕಡೆ ಹುಟ್ಟಿದಂತಾಗುತ್ತದೆ. ನೆರಳಿಲ್ಲದ ತುಣುಕಿಗೆ ನಾವೇ ಡ್ರಾಪ್ ಶ್ಯಾಡೋ ಕೊಡುವುದು ಲೇಸು; ಪೇಪರಿಗೆ ತೆಳುವಾಗಿ, ಗುಂಡಿಗೆ ತುಸು ದಪ್ಪವಾಗಿ, ಎಲ್ಲಕ್ಕೂ ಒಂದೇ ದಿಕ್ಕಿನಿಂದ.

ನಿಮ್ಮ ಕಂಪ್ಯೂಟರಿನ ಶಕ್ತಿಯನ್ನೂ ಇದೇ ಹಂತದಲ್ಲಿ ಅಳೆಯಬೇಕು. ಪುಟ ತುಂಬುವ ಒಂದು ಲೇಯರ್ ಸುಮಾರು 52 ಎಂಬಿ ಮೆಮೊರಿಯನ್ನು ಬೇಡುತ್ತದೆ. ಅಂಥ 20 ಲೇಯರ್‌ಗಳಿಗೆ 1 ಜಿಬಿಗಿಂತ ಹೆಚ್ಚು ಬೇಕು. 4 ಜಿಬಿ ರ್‍ಯಾಮ್‌ನ ಹಳೆಯ ಲ್ಯಾಪ್‌ಟಾಪ್ ಇರುವವರು ಟೆಂಪ್ಲೇಟುಗಳ ಬದಲು ಕ್ವಿಕ್ ಪೇಜ್‌ನಿಂದ ಆರಂಭಿಸುವುದು ಒಳ್ಳೆಯದು. ಟೆಂಪ್ಲೇಟನ್ನೇ ಕೊಳ್ಳುವುದಾದರೆ, ಅದರ ಪಿಎಸ್‌ಡಿ ಕಡತ ನಿಮ್ಮ ತಂತ್ರಾಂಶದಲ್ಲಿ ಲೇಯರ್ ಸಮೇತ ತೆರೆಯುತ್ತದೆಯೇ ನೋಡಿ. ಫೋಟೋಶಾಪ್ ಇಲ್ಲದವರು ಬ್ರೌಸರಿನಲ್ಲಿಯೇ ಉಚಿತವಾಗಿ ನಡೆಯುವ ಫೋಟೋಪಿಯಾವನ್ನು ಬಳಸಬಹುದು. ಗಿಂಪ್ ಕೂಡ ಉಚಿತವೇ.

ಐದನೆಯ ಹೆಜ್ಜೆ: ಕನ್ನಡದ ಶೀರ್ಷಿಕೆಗೆ ದಾರಿ ಮಾಡಿಕೊಳ್ಳುವುದು

ಆಲ್ಫಾಗಳಿಗೆ ಹಣ ಕೊಡುವ ಮೊದಲು ಕನ್ನಡದವರು ಒಮ್ಮೆ ನಿಂತು ಯೋಚಿಸಬೇಕು. ಇಂಗ್ಲಿಷಿನ 26 ಅಕ್ಷರಗಳನ್ನು ಬಿಡಿಬಿಡಿ ಚಿತ್ರಗಳಾಗಿ ಕೊಟ್ಟರೆ ಯಾವ ಪದವನ್ನಾದರೂ ಜೋಡಿಸಬಹುದು. ನಮ್ಮಲ್ಲಿ ವರ್ಣಮಾಲೆಯ 49 ಅಕ್ಷರಗಳಷ್ಟೇ ಅಲ್ಲದೆ ಕಾಗುಣಿತವೂ ಒತ್ತಕ್ಷರಗಳೂ ಸೇರುವುದರಿಂದ, ಬಿಡಿ ಚಿತ್ರಗಳ ಕ್ರಮ ನಮ್ಮ ಲಿಪಿಗೆ ಒಗ್ಗುವುದೇ ಇಲ್ಲ. ಇಂಗ್ಲಿಷ್ ಶೀರ್ಷಿಕೆಯೇ ಇರಲಿ ಎಂದು ಬಿಡುವವರು ಬಹಳ. ಅಜ್ಜಿಯ ಪುಟಕ್ಕೆ ಅಜ್ಜಿ ಓದಬಲ್ಲ ಲಿಪಿಯೇ ಇರಬೇಕು ಎನ್ನುವುದು ನನ್ನ ಆಸೆ, ಅದಕ್ಕೆ ದಾರಿಯೂ ಸುಲಭವಾಗಿದೆ.

ದಪ್ಪನೆಯ ಯೂನಿಕೋಡ್ ಅಕ್ಷರಶೈಲಿಯೊಂದನ್ನು ಆರಿಸಿಕೊಳ್ಳಿ. ಬಾಲೂ ತಮ್ಮ, ಅಕಾಯಾ ಕನ್ನಡಕ, ನೋಟೋ ಸೆರಿಫ್ ಕನ್ನಡ, ಟೀರೋ ಕನ್ನಡ ಇವು ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲು ‘ಕ್ಯಾತಸಂದ್ರ’ ಎಂದು ಬರೆದು ನೋಡಿ. ಯಕಾರದ ಮತ್ತು ರಕಾರದ ಒತ್ತುಗಳು ತಮ್ಮ ಸ್ಥಾನದಲ್ಲಿ ಕುಳಿತರೆ ನಿಮ್ಮ ತಂತ್ರಾಂಶ ಕನ್ನಡವನ್ನು ಸರಿಯಾಗಿ ಜೋಡಿಸುತ್ತಿದೆ ಎಂದು ತಿಳಿಯಬಹುದು. ಒಡೆದು ಬಂದರೆ, ಫೋಟೋಶಾಪಿನಲ್ಲಾದರೆ ದಕ್ಷಿಣ ಏಷ್ಯಾದ ಲಿಪಿಗಳಿಗೆಂದೇ ಇರುವ ವರ್ಲ್ಡ್-ರೆಡಿ ಜೋಡಣೆಯನ್ನು ಆಯ್ದುಕೊಳ್ಳಬೇಕು. ಪದ ಸರಿಯಾದ ಮೇಲೆ, ಅದರ ಲೇಯರಿನ ಮೇಲೆ ಕಿಟ್‌ನ ಒಂದು ಪೇಪರನ್ನು ಇಟ್ಟು ಕ್ಲಿಪಿಂಗ್ ಮಾಸ್ಕ್ ಮಾಡಿದರೆ, ಪೇಪರ್ ಅಕ್ಷರಗಳ ಆಕಾರಕ್ಕೆ ಕತ್ತರಿಸಿಕೊಂಡು ನಿಲ್ಲುತ್ತದೆ. ಪದದ ಲೇಯರಿಗೆ ತೆಳುವಾದ ನೆರಳು ಕೊಟ್ಟಾಗ, ಕಾಗದದಿಂದಲೇ ಕತ್ತರಿಸಿ ಅಂಟಿಸಿದ ಕನ್ನಡ ಶೀರ್ಷಿಕೆ ಕಣ್ಣೆದುರಿಗೆ ಬರುತ್ತದೆ. ಸೀಮಂತದ ಪುಟದಲ್ಲಿ ‘ಹಸಿರು ಬಳೆ’ ಎಂಬ ಶೀರ್ಷಿಕೆಯನ್ನು ಹೀಗೆ ಸಾಸಿವೆ ಹಳದಿಯ ಪೇಪರಿನಿಂದ ಮಾಡಿದೆ. ಅಕ್ಷರಗಳಿಗೆ ಚಿಕ್ಕ ವಿನ್ಯಾಸದ ಪೇಪರೇ ಸರಿ; ದೊಡ್ಡ ಹೂವಿನದಾದರೆ ಅಕ್ಷರದೊಳಗೆ ಅರ್ಧ ಎಸಳು ಮಾತ್ರ ಬಂದು ಕಲೆಯಂತೆ ಕಾಣುತ್ತದೆ.

ಆರನೆಯ ಹೆಜ್ಜೆ: ಬಳಕೆಯ ಷರತ್ತು, ಹಣ, ಜೋಪಾನ

ಪ್ರತಿ ಕಿಟ್‌ನೊಂದಿಗೆ ಬಳಕೆಯ ಷರತ್ತುಗಳ ಕಡತವೊಂದು ಇರುತ್ತದೆ. ವೈಯಕ್ತಿಕ ಬಳಕೆಗೆಂದು ಕೊಂಡದ್ದನ್ನು ನಮ್ಮ ಮನೆಯ ಆಲ್ಬಮಿಗೆ ಬಳಸಬಹುದು. ಹಣ ಪಡೆದು ಬೇರೆಯವರಿಗೆ ಆಲ್ಬಮ್ ಮಾಡಿಕೊಡುವುದಾದರೆ ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕಾಗುತ್ತದೆ. ನಾಲ್ವರು ಗೆಳತಿಯರು ಸೇರಿ ಒಂದು ಕಿಟ್ ಕೊಂಡು ಗುಂಪಿನಲ್ಲಿ ಹಂಚಿಕೊಳ್ಳುವುದು ಮಿತವ್ಯಯದಂತೆ ಕಂಡರೂ, ಷರತ್ತಿನ ಪ್ರಕಾರ ಅದು ಕಳವೇ. ಒಂದು ಎಲೆಯ ಅಂಚನ್ನು ಬಿಡಿಸಲು ಎಷ್ಟು ಹೊತ್ತು ಬೇಕೆಂದು ಸ್ವತಃ ಮಾಡಿ ನೋಡಿದವರು ಹಾಗೆ ಹಂಚಲಾರರು.

ಅಂಗಡಿಗಳು ವಿದೇಶದವಾದ್ದರಿಂದ ಬೆಲೆ ಡಾಲರಿನಲ್ಲಿರುತ್ತದೆ. ಬ್ಯಾಂಕ್ ವಿಧಿಸುವ ವಿದೇಶಿ ವಿನಿಮಯದ ಶುಲ್ಕವನ್ನೂ ಸೇರಿಸಿಕೊಂಡೇ ರೂಪಾಯಿಯ ಲೆಕ್ಕ ಹಾಕಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟು ತಾನಾಗಿ ತೆರೆದಿರುವುದಿಲ್ಲ; ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಚಾಲನೆ ಮಾಡಿ, ಮಿತಿಯನ್ನು ಕಡಿಮೆಯಿಟ್ಟು, ಕೊಂಡ ಮೇಲೆ ಮತ್ತೆ ಮುಚ್ಚಿಬಿಡಿ.

ಕೊಂಡ ದಿನವೇ ಜಿಪ್ ಕಡತಗಳನ್ನೆಲ್ಲ ಇಳಿಸಿಕೊಂಡು, ಬಿಚ್ಚಿ, ಹೊರಗಿನ ಹಾರ್ಡ್ ಡಿಸ್ಕಿನಲ್ಲಿಯೂ ಒಂದು ಪ್ರತಿ ಇಡಿ. ನಾನು ಅಂಗಡಿಯೊಂದರ ಖಾತೆಯಲ್ಲಿ ಮೂರು ಕಿಟ್‌ಗಳನ್ನು ಹಾಗೆಯೇ ಬಿಟ್ಟಿದ್ದೆ. ಅಂಗಡಿ ಮುಚ್ಚಿತು, ಕೊಂಡಿಗಳೂ ಅದರೊಂದಿಗೆ ಹೋದವು. ಒಂದು ಕಿಟ್ ಕೆಲವು ನೂರು ಎಂಬಿ ತೂಗುವುದರಿಂದ ಫೋನಿನ ಡೇಟಾ ಬೇಗ ಮುಗಿದೀತು, ಆ ಕೆಲಸವನ್ನು ಮನೆಯ ವೈಫೈನಲ್ಲಿ ಮಾಡುವುದು ಕ್ಷೇಮ. ಪ್ರತಿ ಕಿಟ್ಟಿಗೆ ವಿನ್ಯಾಸಕರ ಹೆಸರಿನ ಫೋಲ್ಡರ್ ಮಾಡಿ, ಮುನ್ನೋಟದ ಚಿತ್ರವನ್ನು ಅದರೊಳಗೇ ಇಟ್ಟರೆ, ಮುಂದಿನ ಸಲ ಅಂಗಡಿಗೆ ಹೋಗುವ ಮೊದಲು ನಮ್ಮಲ್ಲೇ ಇರುವ ಹಸಿರನ್ನು ಹುಡುಕಲು ಅನುಕೂಲ.

ಏಳನೆಯ ಹೆಜ್ಜೆ: ಮುದ್ರಿಸಿ ನೋಡಿದ ಮೇಲೆ ಮುಂದಿನ ಕಿಟ್

ಮೊದಲ ಪುಟವನ್ನು ಮುದ್ರಿಸದೆ ಎರಡನೆಯ ಕಿಟ್ ಕೊಳ್ಳಬೇಡಿ. ಪರದೆಯ ಮೇಲೆ ಹೊಳೆಯುವ ಬಣ್ಣ ಕಾಗದದ ಮೇಲೆ ತುಸು ಕಂದುವುದು ಸಹಜ. ಗಾಢ ಬಣ್ಣದ ಕಿಟ್‌ಗಳಲ್ಲಿ ಈ ವ್ಯತ್ಯಾಸ ಹೆಚ್ಚು, ಅದನ್ನು ಕಣ್ಣಾರೆ ಕಂಡ ಮೇಲೆ ನಿಮ್ಮ ಆಯ್ಕೆಯೇ ಬದಲಾಗಬಹುದು. ಪುಟವನ್ನು ಎಸ್‌ಆರ್‌ಜಿಬಿ ಬಣ್ಣವ್ಯವಸ್ಥೆಯಲ್ಲಿ, ಅತ್ಯುತ್ತಮ ಗುಣಮಟ್ಟದ ಜೆಪಿಜಿಯಾಗಿ ಉಳಿಸಿ, ಮುಖ್ಯ ಬರಹವನ್ನು ಅಂಚಿನಿಂದ ಕನಿಷ್ಠ ಅರ್ಧ ಇಂಚು ಒಳಗಿಡಿ. ಚಿತ್ರ ಮುದ್ರಿಸುವ ಲ್ಯಾಬಿನವರಿಗೆ ಬಣ್ಣವನ್ನು ತಾವಾಗಿ ತಿದ್ದಬಾರದೆಂದು ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಯಂತ್ರವು ಪೇಪರಿನ ಸಾಸಿವೆ ಬಣ್ಣವನ್ನೂ ಮುಖದ ಬಣ್ಣವೆಂದು ತಿಳಿದು ಬೆಳ್ಳಗೆ ಮಾಡಿಬಿಡುತ್ತದೆ.

ನಮ್ಮ ಊರುಗಳ ಸ್ಟುಡಿಯೋಗಳು ಮದುವೆಯ ಆಲ್ಬಮಿಗೆ 12 × 36 ಇಂಚಿನ ಹರಹನ್ನೂ 12 × 18 ಇಂಚಿನ ಹಾಳೆಯನ್ನೂ ಬಳಸುವುದು ರೂಢಿ. ಚೌಕ ಪುಟ ಬೇಕೆಂದರೆ ಹಾಗೊಂದು ಅಳತೆ ಇಲ್ಲ ಎಂದು ಹೇಳಿಯಾರು. ಆಗ 12 × 18ರ ಹಾಳೆಯಲ್ಲಿಯೇ ನಿಮ್ಮ 12 × 12 ಪುಟವನ್ನು ಒಂದು ಬದಿಗೆ ಕೂರಿಸಿ. ಉಳಿಯುವ 6 × 12 ಇಂಚಿನ ಪಟ್ಟಿಯಲ್ಲಿ 4 × 6 ಅಳತೆಯ ಮೂರು ಚಿತ್ರಗಳು ಸರಿಯಾಗಿ ಹಿಡಿಯುತ್ತವೆ. ಸೀಮಂತದ ಪುಟವನ್ನು ಮುದ್ರಿಸಿದಾಗ ಆ ಮೂರನ್ನೂ ಕತ್ತರಿಸಿ, ಒಂದನ್ನು ಬಳೆ ತೊಡಿಸಿದ ಅತ್ತೆಗೆ, ಒಂದನ್ನು ಸೊಬಲಕ್ಕಿ ಹಾಕಿದ ಅಜ್ಜಿಗೆ, ಇನ್ನೊಂದನ್ನು ಬಸುರಿಯ ತವರಿಗೆ ಕಳುಹಿಸಿದೆವು.